ಶಂಭುಲಿಂಗ ಬಾಖ್ ಹಾಡಿದ್ದು

ಟಾರ್ನೀಟ್ ಬಡಾವಣೆಯ ಬಸ್ ಡ್ರೈವರ್ ಶಂಭುಲಿಂಗನದು ಕಾಳು ತುಂಬಿದ ನೆಲದ ಹಗೇವಿನಂಥ ಆಳದ ದನಿ. ಗದಗಿನ ಕಡೆ ಅಪ್ಪನ ಭಜನಾ ಮೇಳದಲ್ಲಿ ಹಾಡಿ ಬೆಳೆದವನು, ಮೆಲ್ಬರ್ನಿಗೆ ಓದಲು ಬಂದು ಇಲ್ಲೇ ನಿಂತ. ಅವನು ಬಸ್ಸಿನಲ್ಲಿ ಗುನುಗುವುದನ್ನು ಕೇಳಿದ ಮಾರ್ಗರೆಟ್ ಎಂಬ ಹಿರಿಯಾಕೆ ತಾವು ನಡೆಸುವ ಕೋಯರ್ ಎಂಬ ಹಾಡುಗಾರರ ಮೇಳಕ್ಕೆ ಕರೆದರು. ಅಲ್ಲಿ ಕೆಳದನಿಯ ಗಂಡಸರು ಮೂವರೇ ಇದ್ದರು.

ಅವರು ಹಾಡುತ್ತಿದ್ದುದು ಮುನ್ನೂರು ವರ್ಷದ ಹಿಂದಿನ ಜರ್ಮನ್ ಸಂಗೀತಗಾರ ಬಾಖ್‌ನ ರಚನೆ. ಹತ್ತರ ವಯಸ್ಸಿಗೇ ತಬ್ಬಲಿಯಾದ ಬಾಖ್, ದೊಡ್ಡ ಆರ್ಗನ್ ವಾದಕರೊಬ್ಬರನ್ನು ಕೇಳಲು ನಾನೂರು ಕಿಲೋಮೀಟರ್ ನಡೆದಿದ್ದನಂತೆ. ಎಷ್ಟೋ ರಚನೆಗಳ ಕೊನೆಗೆ ‘ಮಹಿಮೆ ದೇವರೊಬ್ಬನದೇ’ ಎಂದು ಗುರುತು ಹಾಕುತ್ತಿದ್ದನಂತೆ.

“ಮಧುರಾ, ಇವನೂ ದೇವರ ಮುಂದ ಕುಂತು ಬರದಾನ ನೋಡು,” ಎಂದು ಶಂಭುಲಿಂಗ ಹೆಂಡತಿಗೆ ಹೇಳಿದ.

ತೊಡಕು ಬೇರೆಯೇ ಇತ್ತು. ಭಜನೆಯಲ್ಲಿ ಮುಂದಿನವರು ಸಾಲು ಬಿಟ್ಟ ಕೂಡಲೇ ಹಿಂದಿನವರು ಎತ್ತಿಕೊಳ್ಳಬೇಕು. ತಡವಾದರೆ ಅಪ್ಪ ತಿರುಗಿ ನೋಡುತ್ತಿದ್ದ. ಇಲ್ಲಿಯೂ ಹೆಂಗಸರು ಸಾಲು ಮುಗಿಸಿದ್ದೇ ತಡ, ಶಂಭುಲಿಂಗ ಎತ್ತಿಕೊಂಡುಬಿಡುತ್ತಿದ್ದ. ಅವನ ಸರದಿಗೆ ಇನ್ನೂ ತಾಳದ ಏಳು ಸುತ್ತು ಬಾಕಿ!

“ಶಂಭು, ಸುಮ್ಮನಿರುವುದನ್ನೂ ಬಾಖ್ ಬರೆದಿದ್ದಾನೆ,” ಎಂದರು ಮಾರ್ಗರೆಟ್. “ಮೂರು ವಾರದಲ್ಲಿ ಸರಿಹೋಗದಿದ್ದರೆ ಸಿಡ್ನಿಯ ಕಾರ್ಯಕ್ರಮದಲ್ಲಿ ನೀವು ಸಭಿಕರ ಜೊತೆ ಕೂರಬೇಕಾಗುತ್ತದೆ.”

ಮನೆಯಲ್ಲಿ ಮಗಳು ನಿಹಾರಿಕಾ ರೆಕಾರ್ಡಿಂಗ್ ಹಾಕಿದಳು. ತೊಡೆಯ ಮೇಲೆ ತಾಳ ಹಾಕುತ್ತ ಶಂಭುಲಿಂಗ ನಾಲ್ಕನೇ ಸುತ್ತಿಗೇ ಬಾಯಿ ತೆರೆದ.

“ಟೂ ಅರ್ಲಿ, ಅಪ್ಪಾ!”

ಅಡುಗೆಮನೆಯಿಂದ ಮಧುರಾ ಕೇಳಿದಳು: “ಬಸ್ ಟೈಮಿಗಿಂತ ಮೊದ್ಲ ಬಂದ್ರ ಏನ್ ಮಾಡ್ತೀರಿ?”

“ಸ್ಟಾಪಿನ್ಯಾಗ ನಿಲ್ತೀನಿ.”

“ಮತ್ತ ಇಲ್ಯಾಕ ಓಡ್ತೀರಿ? ನಿಲ್ರಿ.”

ಅಂದಿನಿಂದ ಅವನು ನಿಲ್ಲುವುದನ್ನು ಕಲಿತ. ನಿಂತಾಗ ಉಳಿದವರ ಹಾಡು ಕಿವಿಗೆ ಬಿತ್ತು. ಅದೇ ಸಾಲು ಒಂದು ದನಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಕೊಟ್ಟವರೂ ಹಾಡು ನಿಲ್ಲಿಸುತ್ತಿರಲಿಲ್ಲ. ಇಷ್ಟು ದಿನ ತಾನು ಕೇಳಿಸಿಕೊಂಡೇ ಇರಲಿಲ್ಲವಲ್ಲ ಎಂದು ನಾಚಿದ. ಮೂರನೇ ವಾರ ಮಾರ್ಗರೆಟ್ ಅವನ ಹೆಸರನ್ನು ಸಿಡ್ನಿಯಲ್ಲಿ ಹಾಡುವವರ ಪಟ್ಟಿಯಲ್ಲಿ ಬರೆದರು.

ಸಿಡ್ನಿಯ ಚರ್ಚ್ ತುಂಬಿತ್ತು. ಅಲ್ಲಿನ ಟೂಂಗಾಬಿ ಬಡಾವಣೆಯಿಂದ ಮಧುರಾಳ ತಮ್ಮ ಕಿಟ್ಟಿ ಸಂಸಾರ ಸಮೇತ ಬಂದಿದ್ದ. ಹೆಂಗಸರು ಸಾಲು ಮುಗಿಸಿದರು. ಶಂಭುಲಿಂಗ ಸುಮ್ಮನೆ ನಿಂತ. ಪಕ್ಕದ ಮುದುಕ ಲೆಕ್ಕ ತಪ್ಪಿ ಹಾಡಲು ಉಸಿರೆಳೆದುಕೊಂಡಾಗ, ಮೆಲ್ಲಗೆ ಅವನ ತೋಳು ಹಿಡಿದು ತಡೆದ. ಐದು, ಆರು, ಏಳು. ಆಮೇಲೆ ಎತ್ತಿಕೊಂಡ. ಉಳಿದ ಮೂವರೂ ಆ ದನಿ ಹಿಡಿದೇ ಹೊರಟರು.

ಕಿಟ್ಟಿಗೆ ತಡೆಯಲಾಗಲಿಲ್ಲ. ಮುಂದೆ ಕುಳಿತ ಅಪರಿಚಿತರ ಭುಜ ತಟ್ಟಿ, “ಮೈ ಬ್ರದರ್-ಇನ್-ಲಾ!” ಎಂದ.

“ಮೆಲ್ಲಗೋ,” ಎಂದು ಪಕ್ಕದಲ್ಲಿ ಕುಳಿತಿದ್ದ ಮಧುರಾ ಗದರಿದಳು. ಕಣ್ಣು ಒರೆಸಿಕೊಳ್ಳುವುದನ್ನು ಬಿಡಲಿಲ್ಲ.