ಭಾನುವಾರ ತಪ್ಪದ ಕಥೆ

ಕಾಲೇಜಿನ ಎರಡನೆಯ ವರ್ಷದಲ್ಲಿ ನಾನೊಂದು ವೆಬ್ ಪುಟ ನಡೆಸುತ್ತಿದ್ದೆ. ನಡೆಸುತ್ತಿದ್ದೆ ಅಂದರೆ ದೊಡ್ಡ ಮಾತಾಯಿತು. ಪುಕ್ಕಟೆ ಜಾಗ ಕೊಡುವ ಒಂದು ಸೈಟಿನಲ್ಲಿ, ನೇರಳೆ ಹಿನ್ನೆಲೆಯ ಮೇಲೆ ಹಳದಿ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ನನಗೆ ಇಷ್ಟವಾದ ಕಥೆಗಳ ಪಟ್ಟಿ ಹಾಕಿದ್ದೆ, ಅಷ್ಟೆ. ಪುಟ ಮಾಡುವುದನ್ನು ಯಾರೂ ಕಲಿಸಿರಲಿಲ್ಲ. ಬೇರೆಯವರ ಪುಟದ ಕೋಡ್ ತೆಗೆದು, ಒಂದೊಂದೇ ಸಾಲು ಅಳಿಸಿ, ಏನು ಕೆಡುತ್ತದೆ ಅಂತ ನೋಡಿ ನೋಡಿ ಕಲಿತದ್ದು.

ಎಂಥ ಕಥೆಗಳು ಅಂತ ಹೇಳಬೇಕು. ಜಪಾನಿನ ಆನಿಮೆ ಸರಣಿಗಳ ಹುಚ್ಚು ಹಿಡಿದವರು, ಸರಣಿ ಮುಗಿದ ಮೇಲೂ ಬಿಡಲಾಗದೆ, ಅದೇ ಪಾತ್ರಗಳನ್ನು ಇಟ್ಟುಕೊಂಡು ತಾವೇ ಮುಂದಿನ ಕಥೆ ಬರೆಯುತ್ತಾರೆ. ಒಂದೊಂದೇ ಅಧ್ಯಾಯವಾಗಿ ನೆಟ್ಟಿಗೆ ಹಾಕುತ್ತಾರೆ. ಅದಕ್ಕೆ ಫ್ಯಾನ್ ಫಿಕ್ಷನ್ ಅಂತ ಹೆಸರು. ರಾಶಿ ರಾಶಿ ಇರುತ್ತವೆ, ಬಹಳಷ್ಟು ಕಸ. ಆ ಕಸದಲ್ಲಿ ಕೈ ಹಾಕಿ ಒಳ್ಳೆಯದನ್ನು ಎತ್ತಿ ಕೊಡುವುದು ನನ್ನ ಕೆಲಸ, ಯಾರೂ ಹೇಳದೆ ನಾನೇ ತಲೆಗೆ ಹಚ್ಚಿಕೊಂಡದ್ದು. ಸೋತ ಖಳನಾಯಕ ಊರಾಚೆ ನೂಡಲ್ಸ್ ಅಂಗಡಿ ಇಡುವ ಕಥೆಯೊಂದಿತ್ತು. ಇಡೀ ಅಧ್ಯಾಯ ಬರೀ ಮಳೆ ನಿಲ್ಲುವುದನ್ನು ಕಾಯುವ ಇನ್ನೊಂದಿತ್ತು. ಕೆಳಗೆ ಉಪಯೋಗದ ಸೈಟುಗಳು: ಜಪಾನಿನಲ್ಲಿ ಅತ್ತೆಗೆ ಏನನ್ನುತ್ತಾರೆ, ಮಾವನಿಗೆ ಏನನ್ನುತ್ತಾರೆ ಅಂತ ಹೇಳುವುದು ಒಂದು, ವಿಡಿಯೋ ಇಳಿಸಲಾಗದವರಿಗೆ ಬರೀ ಸಂಭಾಷಣೆಯನ್ನು ಇಂಗ್ಲಿಷಿನಲ್ಲಿ ಬರೆದಿಟ್ಟದ್ದು ಒಂದು.

ಪ್ರತಿ ಕಥೆಯ ಮುಂದೆ ಮೂರು ಕಾಲಂ ಇಟ್ಟಿದ್ದೆ. ಎಷ್ಟು ಉದ್ದ, ಎಷ್ಟು ಅಳು ತರಿಸುತ್ತದೆ, ಮತ್ತು ಎಲ್ಲಕ್ಕಿಂತ ಮುಖ್ಯವಾದ ‘ಅಪ್‌ಡೇಟ್’. ಅಂದರೆ ಬರೆಯುವವರು ಹೊಸ ಅಧ್ಯಾಯವನ್ನು ಹೇಳಿದ ದಿನಕ್ಕೆ ಹಾಕುತ್ತಾರೋ ಇಲ್ಲವೋ. ಅರ್ಧಕ್ಕರ್ಧ ಜನ ನಡುವೆ ಕೈಬಿಡುತ್ತಾರೆ. ನಾಯಕ ಬಾವಿಗೆ ಬಿದ್ದು ಎರಡು ವರ್ಷವಾಗಿರುತ್ತದೆ, ಎತ್ತಲು ಯಾರೂ ಬರುವುದಿಲ್ಲ. ಹೀಗೆ ಎಷ್ಟೋ ಬಾವಿಯ ಕಟ್ಟೆಯ ಮೇಲೆ ಕೂತು ಕಾದವಳು ನಾನು. ಅದಕ್ಕೇ ವಾರ ತಪ್ಪದೆ ಬರೆಯುವವರು ನಮ್ಮ ಲೆಕ್ಕದಲ್ಲಿ ದೇವರು.

ಪಟ್ಟಿಯ ಮೊದಲನೆಯ ಕಥೆಯ ಅಪ್‌ಡೇಟ್ ಕಾಲಮ್ಮಿನಲ್ಲಿ ಹೀಗಿತ್ತು: ‘ಪ್ರತಿ ಭಾನುವಾರ. ಒಂದು ಸಲವೂ ತಪ್ಪಿಲ್ಲ.’

ಕಡಲ ದಂಡೆಯ ಊರಿನಲ್ಲಿ ನಾಲ್ಕು ಅನಾಥ ಹುಡುಗರನ್ನು ಸಾಕುವ ಮುದುಕಿಯ ಕಥೆ ಅದು. ಮೂಲ ಸರಣಿಯಲ್ಲಿ ಮುದುಕಿ ಬೇಗ ಸತ್ತು ಹೋಗುತ್ತಾಳೆ. ಇದರಲ್ಲಿ ಸಾಯುವುದಿಲ್ಲ. ಆರನೆಯ ಅಧ್ಯಾಯದಲ್ಲಿ ಅವಳು ನಾಲ್ಕೂ ಹುಡುಗರನ್ನು ಸುತ್ತ ಕೂರಿಸಿಕೊಂಡು, ದೊಡ್ಡ ಪಾತ್ರೆಯಲ್ಲಿ ಅನ್ನ ಕಲಸಿ, ಒಬ್ಬೊಬ್ಬರ ಅಂಗೈಗೂ ಒಂದೊಂದು ಉಂಡೆ ಹಾಕುತ್ತಾ ಹೋಗುತ್ತಾಳೆ. ಕೆಳಗೆ ಅಮೆರಿಕದ ಓದುಗರು ‘ಇದು ಜಪಾನಿನ ಯಾವ ಪ್ರಾಂತ್ಯದ ಪದ್ಧತಿ?’ ಅಂತ ಭಕ್ತಿಯಿಂದ ಕೇಳಿದ್ದರು. ನಾನು ಕುರ್ಚಿಯಲ್ಲಿ ಎದ್ದು ಕೂತೆ. ಬರೆದವರಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಮೇಲ್ ಕಳಿಸಿದೆ: ಇದು ಕೈತುತ್ತು ಅಲ್ವಾ?

ಎರಡು ದಿನ ಬಿಟ್ಟು ಉತ್ತರ ಬಂತು. ‘ಹೌದು. ಸಿಕ್ಕಿಹಾಕಿಕೊಂಡೆ. ದಯವಿಟ್ಟು ಯಾರಿಗೂ ಹೇಳಬೇಡ.’

ಬರೆಯುತ್ತಿದ್ದವಳು ದಾವಣಗೆರೆ ಕಡೆಯ ಹೈಸ್ಕೂಲ್ ಹೆಡ್‌ಮಾಸ್ಟರ ಮಗಳು. ಇದ್ದದ್ದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ, ನಮ್ಮ ಸರ್ಕಾರಿ ಕ್ವಾರ್ಟರ್ಸಿನಿಂದ ಒಂದೇ ಬಸ್ಸು. ಸಿವಿಲ್ ಸರ್ವಿಸ್ ಪರೀಕ್ಷೆಗೆ ಕೋಚಿಂಗ್ ತೆಗೆದುಕೊಳ್ಳುತ್ತಿದ್ದಳು. ಎರಡು ಸಲ ಪ್ರಿಲಿಮ್ಸಿನಲ್ಲೇ ನಿಂತಿತ್ತು. ಮೂರನೆಯ ಸಲಕ್ಕೆ ಅಪ್ಪನನ್ನು ಒಪ್ಪಿಸಿ ದೆಹಲಿಯಲ್ಲಿ ಉಳಿದಿದ್ದಳು. ಓದು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಿದ್ದಳು. ಮಾತು ಮುರಿದದ್ದು ಗೊತ್ತಾದರೆ ಮರುದಿನವೇ ಊರಿಗೆ.

ಅವಳು ನಮ್ಮ ಮನೆಗೆ ಬರತೊಡಗಿದಳು. ಅಮ್ಮನ ಕೈಯ ಸಾರಿಗೆ ಅಂತ ಬರುತ್ತಿದ್ದಳು, ಅಮ್ಮ ಹಾಗೇ ತಿಳಿದಿದ್ದಳು. ಊಟವಾದ ಮೇಲೆ ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆವು.

“ಅಕ್ಕಾ, ನೀವು ಓದೋದು ಯಾವಾಗ?” ಅಂತ ಒಮ್ಮೆ ಕೇಳಿದ್ದೆ.

“ದಿನಾ ಹನ್ನೆರಡು ಗಂಟೆ ಓದ್ತೀನಿ ಕಣೇ. ಭಾನುವಾರ ಎರಡು ಗಂಟೆ ಸೈಬರ್ ಕೆಫೆ. ಆ ಎರಡು ಗಂಟೆ ಇದೆ ಅಂತ ಉಳಿದಿದ್ದು ಓದ್ತೀನಿ. ನಮ್ಮಪ್ಪಂಗೆ ಈ ಗಣಿತ ಅರ್ಥ ಆಗಲ್ಲ.”

“ಪರೀಕ್ಷೆ ವಾರದಲ್ಲೂ ಹಾಕಿದ್ರಲ್ಲ ಮೇ ತಿಂಗಳಲ್ಲಿ?”

“ಹಾಕಿದ್ದೆ. ಮುದುಕಿಗೆ ಜ್ವರ ಬಂದಿತ್ತು, ಹಾಗೇ ಬಿಟ್ಟು ಹೋಗೋಕಾಗುತ್ತಾ?”

ನಾನು ಅವಳ ಮಾತು ಉಳಿಸಿದ್ದೆ. ಪುಟದಲ್ಲಿ ಎಲ್ಲೂ ಅವಳು ಯಾರು, ಎಲ್ಲಿಯವಳು ಅಂತ ಹಾಕಲಿಲ್ಲ. ಹೇಳಿಬಿಡಬೇಕು ಅಂತ ಬಾಯಿ ತುರಿಸುತ್ತಿತ್ತು. ಆದರೂ ಹೇಳಲಿಲ್ಲ, ನವೆಂಬರಿನ ತನಕ.

ನವೆಂಬರಿನಲ್ಲಿ ಅವಳ ದೊಡ್ಡಮ್ಮನ ಮಗ ನಮ್ಮ ಮನೆಗೆ ಬಂದ. ಗುರ್‌ಗಾಂವಿನ ಒಂದು ಆಫೀಸಿನಲ್ಲಿ ಕೆಲಸ. ದೆಹಲಿಯಲ್ಲಿ ಅವಳಿಗೆ ಗಾರ್ಡಿಯನ್ ಅವನೇ. ಅವಳ ಪಿಜಿಯಲ್ಲಿ ಗಂಡಸರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಊರಿಂದ ಬಂದ ಚಟ್ನಿಪುಡಿಯ ಡಬ್ಬ, ಸ್ವೆಟರು ಎಲ್ಲ ನಮ್ಮ ಮನೆಗೆ ತಂದುಕೊಟ್ಟ. ಅಮ್ಮ ಚಹಾ ಇಡಲು ಹೋದಳು. ಅವನು ನನ್ನ ಕಂಪ್ಯೂಟರಿನ ಕಡೆ ನೋಡಿ ನಿಂತ.

“ಅರೇ, ಇದು ನಾನೂ ನೋಡ್ತಿದ್ದೆ. ಹಿಂದೀಲಿ ಬರ್ತಿತ್ತಲ್ಲ ಟೀವೀಲಿ. ಆ ಮುದುಕಿ ಸತ್ತಾಗ ಸಖತ್ ಬೇಜಾರಾಗಿತ್ತು.”

ಕನ್ನಡ ಮಾತಾಡುವವರಲ್ಲಿ ಈ ಸರಣಿ ನೋಡಿದವರು ಅಕ್ಕನನ್ನು ಬಿಟ್ಟರೆ ಇನ್ನೊಬ್ಬರು ನನಗೆ ಸಿಕ್ಕಿದ್ದು ಅದೇ ಮೊದಲು. ಕಾಲೇಜಿನಲ್ಲಿ ಹೇಳಿದರೆ, ಕಾರ್ಟೂನ್ ನೋಡ್ತೀಯಾ ಇನ್ನೂ, ದೂಧ್ ಪೀತೀ ಬಚ್ಚೀ, ಹಾಲು ಕುಡಿಯೋ ಮಗು, ಅಂತ ನಗುತ್ತಿದ್ದರು. ಇಲ್ಲಿ ಟೈ ಕಟ್ಟಿಕೊಂಡ ದೊಡ್ಡ ಮನುಷ್ಯ ಮುದುಕಿಗಾಗಿ ಬೇಜಾರಾಗಿತ್ತು ಅನ್ನುತ್ತಿದ್ದಾನೆ.

“ಅಣ್ಣಾ, ಒಂದು ಕಥೆ ಇದೆ, ಅದರಲ್ಲಿ ಸಾಯಲ್ಲ,” ಅಂದೆ.

“ಹೌದಾ? ಎಲ್ಲಿ ಸಿಗುತ್ತೆ? ಬರ್ಕೊಡು. ಆಫೀಸಲ್ಲಿ ಕೂತು ಓದ್ತೀನಿ.”

ಪ್ರಾಕ್ಟಿಕಲ್ ರೆಕಾರ್ಡಿನ ಹಾಳೆ ಹರಿದು ಕನ್ನಡದಲ್ಲಿ ಬರೆದುಕೊಟ್ಟೆ. ಪುಟದಲ್ಲಿದ್ದ ಹಾಗೇ ಮೂರು ಕಾಲಂ ಎಳೆದು, ಹತ್ತು ಕಥೆ, ಐದು ಸೈಟು. ಮೊದಲನೆಯದಕ್ಕೆ ಕೆಂಪು ಪೆನ್ನಿನಲ್ಲಿ ನಕ್ಷತ್ರ. ಅದರ ಪಕ್ಕ ‘ಪ್ರತಿ ಭಾನುವಾರ. ಒಂದು ಸಲವೂ ತಪ್ಪಿಲ್ಲ. ಅಧ್ಯಾಯದ ಕೊನೆಗೆ ಬರೆದವರ ಟಿಪ್ಪಣಿ ಇರುತ್ತೆ, ಅದನ್ನೂ ಬಿಡಬೇಡಿ, ಕಥೆಗಿಂತ ಮಜಾ.’ ಬರೆದು ಮುಗಿಸಿದ ಮೇಲೂ ಸಮಾಧಾನವಾಗಲಿಲ್ಲ.

“ಬರೆದವರು ಯಾರು ಅಂತ ಗೊತ್ತಾದ್ರೆ ನೀವು ನಂಬಲ್ಲ,” ಅಂದೆ.

“ಯಾರು?”

ಅವನು ಚಹಾ ಕುಡಿದು ಲೋಟ ಕೆಳಗಿಡುವ ತನಕ ತಡೆದೆ. ಆಮೇಲೆ ಹೇಳಿದೆ. ಅವನು ಜೋರಾಗಿ ನಕ್ಕ, ಖುಷಿಯ ನಗು. “ನಮ್ಮ ಇವಳಾ? ಛಲೋ ಇದಾಳೆ ಬಿಡು,” ಅಂದ. ಯಾರಿಗೂ ಹೇಳಬೇಡಿ ಅಣ್ಣಾ ಅಂದೆ. ಇಲ್ಲಪ್ಪ ಅಂದ. ಆ ಕ್ಷಣದಲ್ಲಿ ಅವನೂ ನಿಜವನ್ನೇ ಹೇಳುತ್ತಿದ್ದ ಅಂತ ಈಗಲೂ ನನಗೆ ಅನ್ನಿಸುತ್ತದೆ.

ಅವನು ಇಡೀ ಕಥೆ ಓದಿದ. ಇಷ್ಟವಾಯಿತು. ಇಷ್ಟವಾದ್ದರಿಂದಲೇ ಅವರಮ್ಮನಿಗೆ ಫೋನಿನಲ್ಲಿ ಹೊಗಳಿದ, ನಮ್ಮ ಹುಡುಗಿ ಬರೆದಿದ್ದನ್ನು ಫಾರಿನ್‌ನವರು ಕಾದು ಓದುತ್ತಾರೆ ಅಂತ. ದೊಡ್ಡಮ್ಮ ತಂಗಿಗೆ ಹೇಳಿದರು. ತಂಗಿ ಗಂಡನಿಗೆ. ಹೆಡ್‌ಮಾಸ್ಟರು ಊರಿನ ಬ್ರೌಸಿಂಗ್ ಸೆಂಟರಿಗೆ ಹೋಗಿ, ಅಲ್ಲಿಯವರ ಕೈಯಲ್ಲಿ ಎಲ್ಲ ಅಧ್ಯಾಯಗಳನ್ನೂ ಪ್ರಿಂಟ್ ತೆಗೆಸಿಕೊಂಡು, ಜನವರಿಯಲ್ಲಿ ರೈಲು ಹತ್ತಿದರು.

ಅವರು ನೇರ ಮಗಳ ಪಿಜಿಗೆ ಹೋಗಿ, ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಜೊತೆಗೆ ಆ ಅಣ್ಣನೂ ಇದ್ದ, ತಲೆ ತಗ್ಗಿಸಿಕೊಂಡು. ಮಂಜು ಕವಿದ ದಿನ, ಬಾಗಿಲು ತೆಗೆದರೆ ಯಾರು ಅಂತ ತಕ್ಷಣ ಗೊತ್ತಾಗಲಿಲ್ಲ. ಬಿಳಿ ಪಂಚೆಯ ಮೇಲೆ ಕೋಟು, ಮಂಕಿ ಕ್ಯಾಪು, ಕೈಯಲ್ಲಿ ದಾರ ಕಟ್ಟಿದ ಕಾಗದದ ಕಟ್ಟು. ಅಪ್ಪ ಅಮ್ಮ ಸಂಭ್ರಮದಿಂದ ಕೂರಿಸಿದರು, ನಮ್ಮ ಕಡೆಯವರು ಅಂತ. ನನ್ನನ್ನು ಕಾಫಿಗೆ ಓಡಿಸಿದರು.

ನಾನು ಅಡುಗೆಮನೆಯಲ್ಲಿದ್ದಾಗ ಹೊರಗೆ ಏನು ಮಾತಾಗಿತ್ತು ಅಂತ ನನಗೆ ಆಮೇಲೆ ತಿಳಿದದ್ದು. ಅಕ್ಕ ತನ್ನ ಅಪ್ಪನಿಗೆ ಹೇಳಿದ್ದಳಂತೆ: ಅದೆಲ್ಲ ಪರೀಕ್ಷೆಯಾದ ಮೇಲಿನ ರಜೆಯಲ್ಲಿ ಒಟ್ಟಿಗೇ ಬರೆದಿಟ್ಟದ್ದು, ಈಗ ಬರೆಯುತ್ತಿಲ್ಲ. ಅವರು ಅರ್ಧ ನಂಬಿದ್ದರಂತೆ. ಪ್ರಿಂಟ್ ತೆಗೆದವರು ಬರೀ ಕಥೆಯನ್ನು ತೆಗೆದಿದ್ದರು; ದಿನಾಂಕವಾಗಲೀ ಕೊನೆಯ ಟಿಪ್ಪಣಿಯಾಗಲೀ ಅದರಲ್ಲಿ ಬಂದಿರಲಿಲ್ಲ.

ನಾನು ಟ್ರೇ ಹಿಡಿದು ಬಂದೆ. ಹೆಡ್‌ಮಾಸ್ಟರು ಜೇಬಿನಿಂದ, ನಾನು ಅಣ್ಣನಿಗೆ ಬರೆದುಕೊಟ್ಟಿದ್ದ ಹಾಳೆ ತೆಗೆದರು. ಮಡಿಕೆಯಲ್ಲಿ ಸವೆದಿತ್ತು.

“ಇದು ನಿನ್ನ ಕೈಬರಹವಂತೆ. ಚೆನ್ನಾಗಿದೆ. ದೆಹಲೀಲಿ ಬೆಳೆದ ಹುಡುಗಿ ಇಷ್ಟು ದುಂಡಗೆ ಕನ್ನಡ ಬರೀತೀಯ, ಭೇಷ್.”

“ಥ್ಯಾಂಕ್ಸ್ ಅಂಕಲ್.”

“ನಾನು ಬೈಯೋಕೆ ಬಂದಿಲ್ಲಮ್ಮ. ಅರ್ಥ ಮಾಡ್ಕೊಳ್ಳೋಣ ಅಂತ ಬಂದೆ. ಇಷ್ಟು ಕಥೇಲಿ ಇದನ್ನೇ ಯಾಕೆ ಒಂದನೇ ನಂಬರ್ ಕೊಟ್ಟೆ?”

ನನ್ನ ಇಪ್ಪತ್ತು ವರ್ಷದಲ್ಲಿ ಯಾವ ಹಿರಿಯರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಅದನ್ನು ಕೇಳಿದವರು ಹೆಡ್‌ಮಾಸ್ಟರು, ಇಡೀ ಕಟ್ಟು ಓದಿಕೊಂಡು ಬಂದವರು. ಈಗ ಸರಿಯಾಗಿ ಹೇಳಿಬಿಟ್ಟರೆ ಅವರಿಗೆ ಮಗಳ ಬೆಲೆ ತಿಳಿಯುತ್ತದೆ ಅಂತ ನನಗೆ ಖಾತ್ರಿಯಾಯಿತು. ನಾನು ಅವರ ಪಕ್ಕ ಮೊಣಕಾಲೂರಿ ಕೂತು ಕಾಲಂಗಳನ್ನು ಬೆರಳಿಟ್ಟು ತೋರಿಸಿದೆ. ಬೇರೆಯವರು ಹೇಗೆ ನಡುವೆ ಬಿಟ್ಟು ಹೋಗುತ್ತಾರೆ, ಓದುವವರು ಹೇಗೆ ಕಾಯುತ್ತಾರೆ, ಎಲ್ಲ ಹೇಳಿದೆ.

“ಅಕ್ಕ ಮಾತ್ರ ಒಂದು ವಾರ ಕೂಡ ಬಿಟ್ಟಿಲ್ಲ ಅಂಕಲ್. ಪ್ರತಿ ಭಾನುವಾರ. ಮೊನ್ನೆ ಭಾನುವಾರ ಕೂಡ ಬಂತು. ಹೋದ ವರ್ಷ ಮೇ ತಿಂಗಳಲ್ಲಿ, ಪರೀಕ್ಷೆ ವಾರದಲ್ಲೂ ಹಾಕಿದ್ರು.”

“ಮೇ ತಿಂಗಳಲ್ಲೂ,” ಅಂದರು ಅವರು.

“ಹ್ಞೂಂ ಅಂಕಲ್. ಅಂಥ ಡೆಡಿಕೇಶನ್ ಬೇರೆ ಯಾರಿಗೂ ಇಲ್ಲ.”

ಅವರು ಹಾಳೆಯನ್ನು ಮಡಿಕೆಯ ಪ್ರಕಾರವೇ ಮಡಚಿ ಜೇಬಿಗಿಟ್ಟುಕೊಂಡರು. ನಾನು ಅಕ್ಕನ ಕಡೆ ನೋಡಿದೆ, ಅವಳು ಹೆಮ್ಮೆಪಡುತ್ತಾಳೆ ಅಂತ. ಅವಳು ಕಾಫಿಯ ಮೇಲಿನ ಕೆನೆಯನ್ನು ಚಮಚದಿಂದ ಲೋಟದ ಅಂಚಿಗೆ ಸರಿಸುತ್ತಿದ್ದಳು. ಅಣ್ಣ ಕಿಟಕಿಯಾಚೆ ನೋಡುತ್ತಿದ್ದ. ಅಮ್ಮನಿಗೆ ಏನೂ ತಿಳಿಯದೆ, “ಇನ್ನೊಂದು ಚೂರು ಸಕ್ಕರೆ ಹಾಕ್ಲಾ?” ಅಂತ ಕೇಳಿದಳು.

“ಬೇಡ ತಾಯಿ. ಹೊರಡ್ತೀವಿ. ರೂಮು ಖಾಲಿ ಮಾಡ್ಬೇಕು,” ಅಂದರು ಹೆಡ್‌ಮಾಸ್ಟರು.

ಅಕ್ಕ ಆಗಲೂ ಜಗಳವಾಡಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ನಾನು ಹಿಂದೆ ಹೋಗಿ ಸ್ವೆಟರಿನ ತುದಿ ಹಿಡಿದುಕೊಂಡೆ. “ಸಾರಿ ಅಕ್ಕಾ. ನಾನು ಹೊಗಳ್ತಾ ಇದ್ದೆ.”

“ಗೊತ್ತು ಕಣೇ,” ಅಂದಳು. “ಅದೇ ಕಷ್ಟ. ನೀನು ಸುಳ್ಳು ಹೇಳಿದ್ದಿದ್ರೆ ನಿನ್ನ ಬೈಬಹುದಿತ್ತು.”

ಭಾನುವಾರ ಬಂತು. ಹೊಸ ಅಧ್ಯಾಯ ಬರಲಿಲ್ಲ. ಕಥೆ ನಿಂತ ಜಾಗದಲ್ಲಿ ಮುದುಕಿ ಕೊನೆಯ ಹುಡುಗನನ್ನು ಹುಡುಕಿಕೊಂಡು ದೋಣಿ ಹತ್ತಿದ್ದಳು. ಎರಡನೆಯ ಭಾನುವಾರವೂ ಹೋಯಿತು. ನನ್ನ ಪುಟದ, ಓದಿದವರು ಅನಿಸಿಕೆ ಬರೆಯುವ ಗೆಸ್ಟ್‌ಬುಕ್ಕಿಗೆ ಜನ ಬರತೊಡಗಿದರು, ನಾನೇ ಕಳಿಸಿದ ಜನ. ಬರೆದವರಿಗೆ ಹುಷಾರಿಲ್ಲವಾ? ನೀನು ತಪ್ಪುವುದಿಲ್ಲ ಅಂತ ಬರೆದಿದ್ದೀಯಲ್ಲ? ದೋಣಿ ಮುಳುಗುವುದಿಲ್ಲ ತಾನೇ? ಫಿಲಿಪ್ಪೀನ್ಸಿನ ಒಬ್ಬ ನರ್ಸು, ಡ್ಯೂಟಿ ಮುಗಿಸಿ ಬಂದು ಓದುವುದು ಇದೊಂದನ್ನೇ ಅಂತ ಬರೆದಿದ್ದಳು. ಉತ್ತರ ಬರೆಯಲು ಕೂತು, ‘ನನ್ನಿಂದ ನಿಂತಿತು’ ಅಂತ ಟೈಪ್ ಮಾಡಿ, ಅಳಿಸಿ, ‘ಊರಿಗೆ ಹೋಗಿದ್ದಾರೆ’ ಅಂತ ಹಾಕಿದೆ. ಯಾವಾಗ ವಾಪಸ್ಸು ಅಂತ ಮತ್ತೆ ಕೇಳಿದರು. ಅವಳ ಮೇಲ್ ವಿಳಾಸಕ್ಕೆ ಕಳಿಸಿದ್ದಕ್ಕೆ ಒಂದಕ್ಕೂ ಉತ್ತರವಿರಲಿಲ್ಲ.

ಫೆಬ್ರವರಿಯಲ್ಲಿ ಅಮ್ಮನ ಹತ್ತಿರ ನಂಬರು ತೆಗೆದುಕೊಂಡು ಅವಳ ಊರಿನ ಮನೆಗೆ ಫೋನ್ ಮಾಡಿದೆ. ಹೆಡ್‌ಮಾಸ್ಟರು ಶಾಲೆಗೆ ಹೋಗಿರುವ ಹೊತ್ತು ನೋಡಿ ಮಾಡಿದ್ದು. ಅವಳೇ ಎತ್ತಿದಳು.

“ಅಕ್ಕಾ, ನಾನು.”

“ಹ್ಞಾ, ಹೇಳು.” ದೂರದ ನೆಂಟರ ಹತ್ತಿರ ಮಾತಾಡುವ ದನಿ. ಹಿಂದೆ ಕುಕ್ಕರಿನ ಸದ್ದು, ಯಾರೋ ಇದ್ದರು.

“ಓದು ನಡೀತಿದೆಯಾ?”

“ನಡೀತಿದೆ. ನಡುಮನೇಲೇ ಟೇಬಲ್ ಹಾಕ್ಕೊಟ್ಟಿದಾರೆ. ಎಲ್ಲರಿಗೂ ಕಾಣೋ ಹಾಗೆ.”

ಆಮೇಲೆ ಅವಳೇ ದನಿ ತಗ್ಗಿಸಿ ಕೇಳಿದಳು. “ಯಾರಾದ್ರೂ ಕೇಳಿದ್ರಾ?”

ಕೇಳುತ್ತಾಳೆ ಅಂತ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಫೋನಿಗೂ ನೆಟ್ಟಿಗೂ ಒಂದೇ ತಂತಿ, ಮಾತಾಡುವಾಗ ಪುಟ ತೆರೆಯಲಾಗುತ್ತಿರಲಿಲ್ಲ. ಅದಕ್ಕೆ ಗೆಸ್ಟ್‌ಬುಕ್ಕಿನದನ್ನೆಲ್ಲ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ.

“ಹನ್ನೊಂದು ಜನ. ಓದ್ಲಾ?”

“ಹ್ಞೂಂ.”

ಒಂದೊಂದಾಗಿ ಓದಿದೆ. ಒಂದೊಂದಕ್ಕೂ ಅವಳು “ಹ್ಞೂಂ” ಅನ್ನುತ್ತಿದ್ದಳು, ಸಿಲಬಸ್ ಬರೆದುಕೊಳ್ಳುವವಳ ಹಾಗೆ. ನರ್ಸ್ ಬರೆದದ್ದನ್ನು ಓದಿದಾಗ ಮಾತ್ರ ಏನೂ ಅನ್ನಲಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡು, “ಅಕ್ಕಾ?” ಅಂದೆ.

“ಇದೀನಿ. ಮುಂದಿಂದು ಓದು.”

ಏಳನೆಯದನ್ನು ಓದುತ್ತಿದ್ದಾಗ ಆ ಕಡೆ ಗೇಟಿನ ಸದ್ದಾಯಿತು. ಅವಳ ದನಿ ಒಮ್ಮೆಗೇ ಎತ್ತರವಾಯಿತು. “ಸರಿ, ಆ ಎಕನಾಮಿಕ್ಸ್ ಪುಸ್ತಕ ನನ್ನ ಹತ್ರಾನೇ ಇದೆ, ಕಳಿಸೋದು ಬೇಡ.” ಆಮೇಲೆ ಬಹಳ ಮೆತ್ತಗೆ, “ಇನ್ಮೇಲೆ ಫೋನ್ ಮಾಡ್ಬೇಡ ಕಣೇ. ಕೇಳಿದ್ಮೇಲೆ ಕೂತು ಓದೋಕಾಗಲ್ಲ.”

ಇಟ್ಟುಬಿಟ್ಟಳು. ನೋಟ್‌ಬುಕ್ಕಿನಲ್ಲಿ ಇನ್ನೂ ನಾಲ್ಕು ಉಳಿದಿದ್ದವು.