ಸೆರಗಿನ ಗಂಟಿನಲ್ಲಿದ್ದ ನೀಲಿ ಕಣ್ಣು

ಅಣ್ಣ ನನ್ನನ್ನು ಕೇಳಿದ್ದು ಒಂದೇ. ಹರಿದ ದಾರ ಬದಲಿಸಿ ಆ ನೀಲಿ ಕಣ್ಣಿನ ತಾಯತವನ್ನು ಮತ್ತೆ ಅವನ ಮುಂಗೈಗೆ ಕಟ್ಟುವುದು. ನಾನು ಕಟ್ಟಲಿಲ್ಲ. ನಿನ್ನೆ ಹಿತ್ತಲಲ್ಲಿ ಸೊಸೆ ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಆ ಹುಳಿ ವಾಸನೆಗೆ ಎಲ್ಲ ನೆನಪಾಯಿತು... ಬರುವ ನಾಲ್ಕಕ್ಷರದಲ್ಲೇ ಬರೆಯುತ್ತಿದ್ದೇನೆ.

ಅಣ್ಣ ಮಹಾರಾಜರ ಕುದುರೆಪಡೆಯಲ್ಲಿ ಕುದುರೆ ನೋಡಿಕೊಳ್ಳುವ ಆಳಾಗಿ ಈಜಿಪ್ಟ್ ದೇಶದ ಯುದ್ಧಕ್ಕೆ ಹೋಗಿದ್ದ. ಮಧುಗಿರಿಗೆ ಮರಳಿದಾಗ ತಂದದ್ದು ಬಿಡದ ಕೆಮ್ಮು, ಮತ್ತೆ ಹುಣಸೆಬೀಜದಷ್ಟಿದ್ದ ಆ ಕಣ್ಣು. ಮರಳು ತೋಡುವಾಗ ಸಿಕ್ಕಿತಂತೆ. ಕಲ್ಲಲ್ಲ, ಬಿಳಿ ಮರಳಿನ ಪುಡಿಯನ್ನು ಅಚ್ಚಿಗೊತ್ತಿ ಸುಟ್ಟು, ಮೇಲೆ ಗಾಜಿನ ಹಾಗೆ ನೀಲಿ ಬರಿಸಿದ್ದು. ಸಾವಿರಾರು ವರ್ಷದ ಹಿಂದಿನ ಜನ ಕೇಡು ತಾಗದಿರಲೆಂದು ಅದನ್ನು ಮೈಮೇಲೆ ಧರಿಸುತ್ತಿದ್ದರಂತೆ.

"ಇದು ಕಾಯ್ತದೆ ಕಣಮ್ಮ. ನಂಗೂ ಗುಂಡು ತಗುಲ್ಲಿಲ್ಲ, ನನ್ನ ಕುದ್ರೇಗೂ ತಗುಲ್ಲಿಲ್ಲ," ಎಂದು ನಗುತ್ತಿದ್ದ.

ದಾರ ಹರಿದಾಗ ಅವನು ಹಾಸಿಗೆ ಹಿಡಿದು ತಿಂಗಳಾಗಿತ್ತು. ಕಣ್ಣನ್ನು ನನ್ನ ಕೈಗಿಟ್ಟ. ನಮ್ಮನ್ನು ಸಾಕಿದ ದೊಡ್ಡಮ್ಮ ಅದನ್ನು ನೋಡಿ ತಡೆದರು. "ಗೋರಿಯೊಳಗಿಂದು ಕಣೇ ಅದು, ಹೆಣದ ಮೈಮೇಲಿಂದು. ಅದ್ಕೇ ಇವ್ನು ಏಳ್ತಿಲ್ಲ. ಸೂತಕ ತೊಳೀದೆ ಕಟ್ಟಬ್ಯಾಡ."

ದೇವರ ಪಾತ್ರೆಯಂತೆ ಇದೂ ಶುದ್ಧವಾಗಲಿ ಎಂದು ಮೂರು ದಿನ ಹುಣಸೆಹುಳಿಯಲ್ಲಿ ನೆನೆಹಾಕಿ, ಬೂದಿ ಹಾಕಿ ಉಜ್ಜಿದೆ. ಅಣ್ಣ ಬದುಕಲಿ ಎಂದೇ ಉಜ್ಜಿದೆ. ನೀಲಿಯೆಲ್ಲ ಹೋಗಿ ಅಂಗೈಯಲ್ಲಿ ಸುಣ್ಣದ ಚೂರಿನಂಥದು ಉಳಿಯಿತು.

ಹೇಗೆ ತೋರಿಸಲಿ? ಕಳೆದುಹೋಯಿತು ಎಂದುಬಿಟ್ಟೆ.

ಅಣ್ಣ ಬೈಯಲಿಲ್ಲ. "ಬುಡು, ಮನೇಲೇ ಇರ್ತದೆ. ಗುಡಿಸೋವಾಗ ನೋಡು," ಎಂದ. ದಿನವೂ ಪೊರಕೆಯ ಸದ್ದಿಗೆ ತಲೆಯೆತ್ತಿ, "ಸಿಕ್ತಾ?" ಎನ್ನುತ್ತಿದ್ದ. ನಾನು ಗುಡಿಸುತ್ತಲೇ ಇಲ್ಲವೆನ್ನುತ್ತಿದ್ದೆ. ಅದು ನನ್ನ ಸೆರಗಿನ ಗಂಟಿನಲ್ಲೇ ಇತ್ತು. ಅವನ ಬೆರಳುಗಳು ಬರಿದಾದ ಮುಂಗೈಯನ್ನು ತಡವುತ್ತಲೇ ಇದ್ದವು... ಎಂಟನೆಯ ದಿನ ತಡವುವುದು ನಿಂತಿತು.

ಕಣ್ಣು ಇದ್ದಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಹುಡುಕುತ್ತಾ ಸಾಯುತ್ತಿರಲಿಲ್ಲ.

ಇಷ್ಟು ವರ್ಷ ವಿಭೂತಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಆ ಬಿಳಿ ಚೂರನ್ನು ನಿನ್ನೆ ತೆಗೆದು ಹೊಸ ದಾರ ಪೋಣಿಸಿದೆ. ಕಟ್ಟಲು ಕೈ ಎಲ್ಲಿತ್ತು? ಸೊಸೆ ಬಿಂದಿಗೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಕೇಳಿಸಿದರೆ ಕೇಳಿಸಲಿ ಎಂದು ಬಾಯಿಬಿಟ್ಟೇ ಹೇಳಿದೆ:

"ಅಣ್ಣಾ, ಅದು ಕಳ್ದೋಗಿರ್ಲಿಲ್ಲ ಕಣಣ್ಣ. ನನ್ನ ತಾವೇ ಇತ್ತು. ತಪ್ಪಾಯ್ತು."