ಬಧಾತು ಹೊತ್ತು ತಂದ ತುಕ್ಕು

ಅರ್ಸಿಯ ಗುಡ್ಡಗಳಲ್ಲಿ ಬಧಾತುವಿನ ಬೆಣ್ಣೆಗೆ ಹೆಸರಿತ್ತು. ಅವಳ ಬಾಯಿಗೂ ಇತ್ತು. ಬದುವಿನ ತುಂಬ ಪಾರ್ಥೇನಿಯಂ ಕಳೆ ಹಬ್ಬಿ, ಅದನ್ನು ಮೇಯ್ದ ಹಸುವಿನ ಹಾಲು ಆಗಾಗ ಕಹಿಯಾಗತೊಡಗಿತು. ಸೊಸೆ ಜಾಲ್ತು ತುಂಬು ಬಸುರಿ. ಬಾಣಂತಿಗೆ ಬಾರ್ಲಿ ಹಿಟ್ಟಿನ ಬಿಸಿ ಮುದ್ದೆ, ಮರ್ಕಾ, ಕೊಡಬೇಕು, ಅದರ ನಡುವೆ ಮನೆಯ ಬೆಣ್ಣೆ ಹಾಕಬೇಕು. ಅದೇ ಕಹಿಯಾದರೆ ತಲೆಯೆತ್ತಿ ಓಡಾಡುವುದು ಹೇಗೆ?

ಮಳೆಗಾಲದ ಕೊನೆಗೆ ಕಳೆಯ ಎಲೆಗಳ ಮೇಲೆ ಕಂದು ಪುಡಿ ಕಾಣಿಸಿತು. ಬಧಾತು ಬೆರಳಲ್ಲಿ ಉಜ್ಜಿ ನೋಡಿದಳು. ತುಕ್ಕು ರೋಗ! ಹಿಂದೊಮ್ಮೆ ಇಂಥದೇ ಪುಡಿ ಅವಳ ಗೋಧಿಯನ್ನು ನುಂಗಿ ನೀರು ಕುಡಿದಿತ್ತು.

"ಅದು ಬೇರೆ, ಇದು ಬೇರೆ ಅಮ್ಮಾ," ಎಂದಳು ಕೃಷಿ ಇಲಾಖೆಯ ಲೆನ್ಸಾ. "ಇದು ಗೋಧಿ ಮುಟ್ಟಲ್ಲ, ಈ ಕಳೇನೇ ತಿನ್ನೋದು. ಹಾಗೇ ಬಿಟ್ಬಿಡಿ."

"ಬಿಡ್ತೀನಿ, ಬಿಡ್ತೀನಿ! ಗೋಧಿ ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?"

ಮಾರನೆಯ ದಿನವೇ ದಾಬೋ ಕರೆದಳು. ಕೂಡಿ ದುಡಿಯಲು ಊರೇ ಬಂತು; ಬಂದವರಿಗೆಲ್ಲ ಫರ್ಸೋ ಹೆಂಡ ಹಂಚಿದಳು. ತುಕ್ಕು ಹಿಡಿದ ಗಿಡಗಳನ್ನೇ ಆರಿಸಿ ಆರಿಸಿ ಕಿತ್ತು ಸುಟ್ಟರು. ಹಸಿರಾಗಿದ್ದವನ್ನು ನಾಳೆ ನೋಡೋಣವೆಂದು ಬಿಟ್ಟರು.

ಆ ನಾಳೆ ಬರಲಿಲ್ಲ. ತಿನ್ನುವ ತುಕ್ಕಿಲ್ಲದೆ ಉಳಿದ ಕಳೆ ಸೊಂಟದೆತ್ತರ ಬೆಳೆಯಿತು. ಜಾಲ್ತು ಹೆತ್ತಳು. ಬಾಣಂತಿಗೆಂದು ಎತ್ತಿಟ್ಟ ಬೆಣ್ಣೆಯನ್ನು ಅವಳಿಗಿಂತ ಮೊದಲು ಯಾರೂ ಬಾಯಿಗಿಡುವಂತಿಲ್ಲ. ಅವಳು ತುಟಿ ಪಿಟಕ್ಕೆನ್ನದೆ ಉಂಡಳು. ಆಮೇಲೆ ಖಾಲಿ ಬಟ್ಟಲಿನ ಅಂಚನ್ನು ತಾನೇ ಬೆರಳಲ್ಲಿ ಬಳಿದು ನೆಕ್ಕಿದಾಗಲೇ ಬಧಾತುವಿಗೆ ಗೊತ್ತಾದದ್ದು. ಥೂ, ಕಹಿ ವಿಷ!

"ಯಾಕೇ ಹೇಳ್ಲಿಲ್ಲ?"

"ನಿಮ್ಮ ಕೈಯದಲ್ವಾ, ಅತ್ತೆ."

ಬಧಾತು ಕೊಟ್ಟಿಗೆಯ ಹಿಂದೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು.

ಮುಂದಿನ ಮಳೆಗಾಲ ಅವಳೇ ಲೆನ್ಸಾಳ ಬಾಗಿಲಿಗೆ ಹೋದಳು. ಇಬ್ಬರೂ ಗುಡ್ಡದಾಚೆಯಿಂದ ತುಕ್ಕು ಹಿಡಿದ ಎಲೆಗಳನ್ನು ತಂದರು. ಬೆಳಗಿನ ಇಬ್ಬನಿ ಆರುವ ಮುನ್ನ ಬಧಾತು ಅವನ್ನು ಒಂದೊಂದು ಗಿಡಕ್ಕೂ ತಿಕ್ಕಿದಳು.

"ಅವತ್ತು ಸುಟ್ಟಿದ್ದನ್ನ ಇವತ್ತು ಹೊತ್ತು ತಂದ್ಯಾ?" ಎಂದು ನೆರೆಯ ಗುತಾಮ ಕೆಣಕಿದ.

"ಬಾ ಇಲ್ಲಿ, ನಿನ್ನ ಬಾಯಿಗೂ ಒಂಚೂರು ತಿಕ್ತೀನಿ!"

ಕಳೆ ಸಾಯಲಿಲ್ಲ, ಸೊರಗಿತು. ಎಲೆ ಒಣಗಿತು, ಹೂ ಕಡಿಮೆಯಾಯಿತು. ಮಳೆಯಿಂದ ಮಳೆಗೆ ಬದುವಿನಲ್ಲಿ ಹುಲ್ಲು ಮತ್ತೆ ತಲೆಯೆತ್ತಿತು. ಗೋಧಿಗೆ ಏನೂ ಆಗಲಿಲ್ಲ.

ಜಾಲ್ತು ಎರಡನೆಯದನ್ನು ಹೆತ್ತಾಗ ಬಧಾತು ಮರ್ಕಾ ತಂದಿಟ್ಟು, ಅವಳ ಬಾಯನ್ನೇ ನೋಡುತ್ತ ನಿಂತಳು. ಜಾಲ್ತು ಬೆರಳಲ್ಲಿ ಬೆಣ್ಣೆ ತೆಗೆದು, ಪದ್ಧತಿಯನ್ನು ಬದಿಗಿಟ್ಟು, ಅತ್ತೆಯ ಬಾಯಿಗೇ ಹಿಡಿದಳು.

"ಮೊದ್ಲು ನೀವು. ಕಹಿಯಿದ್ರೆ ಸುಮ್ನಿರೋದು ಈ ಸಲ ನಿಮ್ಮ ಸರದಿ."

ಬಧಾತು ಸುಮ್ಮನಿರಲಿಲ್ಲ. "ಬೆಣ್ಣೆ ಕಣೇ! ಬರೀ ಬೆಣ್ಣೆ!" ಎಂದು ಕೂಗಿದ ರಭಸಕ್ಕೆ ಮಗು ಬೆಚ್ಚಿ ಎದ್ದು ಅಳತೊಡಗಿತು.